ವಾದಕ್ಕೊಂದು ಊರು ಬೇಕು

2022ರ ಮಾರ್ಚ್ ತಿಂಗಳಲ್ಲಿ ಕೋಲಾರದ ಕ್ಲಾಕ್ ಟವರ್ ಇಡೀ ರಾಜ್ಯದ ಬಾಯಿಗೆ ಬಿತ್ತು. ಹಸಿರು ಬಣ್ಣದಲ್ಲಿದ್ದ ಆ ಗೋಪುರದ ಬಗ್ಗೆ ಆಗಿನ ಸಂಸದ ಎಸ್. ಮುನಿಸ್ವಾಮಿ ತಕರಾರು ಎತ್ತಿದ್ದರು. ಮಾರ್ಚ್ 19ರಂದು ಪೊಲೀಸ್ ಬಂದೋಬಸ್ತಿನಲ್ಲಿ ಅದಕ್ಕೆ ಬಿಳಿ ಬಣ್ಣ ಬಳಿದು ರಾಷ್ಟ್ರಧ್ವಜ ಹಾರಿಸಲಾಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 8ರಂದು, ಮುಳಬಾಗಿಲಿನಲ್ಲಿ ಶ್ರೀರಾಮ ಶೋಭಾಯಾತ್ರೆಯ ಮೇಲೆ ಕಲ್ಲು ಬಿದ್ದು ನಿಷೇಧಾಜ್ಞೆ ಜಾರಿಯಾಯಿತು. ಹಿಜಾಬ್ ಕುರಿತ ಹೈಕೋರ್ಟ್ ತೀರ್ಪು ಮಾರ್ಚ್ 15ರಂದು ಬಂದಿತ್ತು. ಹಲಾಲ್, ಜಾತ್ರೆಗಳಲ್ಲಿ ವ್ಯಾಪಾರ ಎಂದು ದಿನಕ್ಕೊಂದು ವಿವಾದ ಏಳುತ್ತಿದ್ದ ಕಾಲ ಅದು. ಫೇಸ್‌ಬುಕ್ಕು, ವಾಟ್ಸ್‌ಆ್ಯಪುಗಳಲ್ಲಿ ಕೋಲಾರವೂ ಮುಳಬಾಗಿಲೂ ಆ ಸಾಲಿಗೆ ಸೇರಿಹೋದವು. ಸಾರ್ವಜನಿಕ ಕಟ್ಟಡದ ಬಣ್ಣ ಬದಲಿಸಲು ಯಾರ ಒಪ್ಪಿಗೆ ಬೇಕು, ಮೆರವಣಿಗೆ ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಹೋಗಬೇಕು, ಕಲ್ಲು ಎಸೆದವರು ಯಾರು ಎಂಬುದನ್ನು ಹೇಗೆ ಪತ್ತೆಹಚ್ಚಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಬಹುದಿತ್ತು. ಆದರೆ ಮೊಬೈಲಿನಲ್ಲಿ ನಡೆದ ವಾದ ಆ ಪ್ರಶ್ನೆಗಳದ್ದಾಗಿರಲಿಲ್ಲ. ಈ ದೇಶ ಯಾರದ್ದು ಎಂಬುದಾಗಿತ್ತು. ಅದನ್ನು ತೀರ್ಮಾನಿಸುವ ಶಕ್ತಿ ಕ್ಲಾಕ್ ಟವರ್ ಬಳಿ ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಬೇಕಾದವರಿಗೆ ಇರಲಿಲ್ಲ. ವಾದದ ಬಿಸಿ ಮಾತ್ರ ಅವರ ಪಾಲಿಗೆ ಉಳಿಯಿತು.

ಜನರನ್ನು ಒಡೆಯುವ ರಾಜಕೀಯ, ಸಾಮಾಜಿಕ ವಿಷಯಗಳ ಮೇಲೆ ಮೊಬೈಲಿನಲ್ಲಿ ನಡೆಯುವ ವಾದ ಕೆಡುವುದು ಒರಟು ಭಾಷೆಯಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ವಿಷಯ ತಾನು ಹುಟ್ಟಿದ ಊರನ್ನು ಬಿಟ್ಟು ಹೊರಟಾಗ ವಾದ ಕೆಡುತ್ತದೆ. ಊರಿನಲ್ಲಿದ್ದಾಗ ಆ ವಿಷಯಕ್ಕೊಂದು ಅಳತೆ, ಒಂದು ದಾಖಲೆ, ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ, ಉತ್ತರದ ಫಲ ಉಣ್ಣಬೇಕಾದ ಒಂದಷ್ಟು ಮನೆಗಳು ಇರುತ್ತವೆ. ಊರು ಬಿಟ್ಟ ಮೇಲೆ ಇವು ಯಾವುವೂ ಇರುವುದಿಲ್ಲ. ಯಾವ ಪಕ್ಷದವರು, ಯಾವ ಧರ್ಮದವರು, ಯಾವ ಜಾತಿಯವರು ಎಂಬುದಷ್ಟೇ ಉಳಿಯುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಕೋಲಾರ ಜಿಲ್ಲೆಯಲ್ಲಿ ನಡೆದ ನಾಲ್ಕೈದು ವಿವಾದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಕಾಣುತ್ತದೆ.

ಕೆ.ಸಿ. ವ್ಯಾಲಿಯಿಂದಲೇ ಶುರು ಮಾಡೋಣ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ಇದು. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಸಿಕ್ಕ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್. ಶಾಶ್ವತ ನೀರಾವರಿಗಾಗಿ ದಶಕಗಳ ಕಾಲ ಹೋರಾಡಿದ ಜನರಿಗೆ ಕೊನೆಗೆ ಬಂದದ್ದು ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು. ಎರಡನೇ ಹಂತದವರೆಗೆ ಶುದ್ಧೀಕರಿಸಿದ ಆ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರಿನಂತೆ ಮೇಲೆತ್ತಿ, ಲಕ್ಷ್ಮೀಸಾಗರ ಕೆರೆಗೆ ಬಿಟ್ಟು, ಅಲ್ಲಿಂದ ಕೆರೆಯಿಂದ ಕೆರೆಗೆ ಕೋಡಿ ಹರಿಸಿ ನೂರಿಪ್ಪತ್ತಕ್ಕೂ ಹೆಚ್ಚು ಕೆರೆ ತುಂಬಿಸಿ, ಅಂತರ್ಜಲ ಮೇಲೇರುವಂತೆ ಮಾಡುವುದು ಯೋಜನೆ. 2018ರ ಜೂನ್‌ನಲ್ಲಿ ನೀರು ಬಂತು. ಜುಲೈನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿಕೊಂಡಿತು. ಬೆಳ್ಳಂದೂರು ಕೆರೆಯ ನೊರೆಯನ್ನು ಟಿ.ವಿ.ಯಲ್ಲಿ ನೋಡಿದ್ದ ಜನರಿಗೆ ಅದು ಕೋಲಾರಕ್ಕೇ ಬಂದಂತೆ ಕಂಡಿತು. ವಿಷ ಹರಿಸುತ್ತಿದ್ದಾರೆ ಎಂದು ಒಂದು ಕಡೆಯವರು, ಒಣಗಿದ ಜಿಲ್ಲೆಗೆ ಬಂದ ನೀರಿಗೂ ಅಡ್ಡಗಾಲು ಹಾಕುತ್ತಿದ್ದಾರೆ ಎಂದು ಇನ್ನೊಂದು ಕಡೆಯವರು. ಹೋರಾಟಗಾರ ಆರ್. ಆಂಜನೇಯ ರೆಡ್ಡಿ ನ್ಯಾಯಾಲಯಕ್ಕೆ ಹೋದರು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಬಳಿಕ ನೀರು ಮತ್ತೆ ಹರಿಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನೊರೆಯ ವಿಡಿಯೊ ಸುಳ್ಳಾಗಿರಲಿಲ್ಲ. ನೊರೆ ಏಳುವುದು ಮುಖ್ಯವಾಗಿ ಸೋಪಿನ ಪುಡಿಯಂಥ ಮಾರ್ಜಕಗಳಿಂದ. ಅದು ಬಂದಿತ್ತೆಂದರೆ ಶುದ್ಧೀಕರಣ ಎಲ್ಲೋ ಎಡವಿತ್ತು ಎಂದೇ ಅರ್ಥ. ಆದರೆ ಈ ನೀರಿನ ಬಗ್ಗೆ ಕೇಳಬೇಕಾದ ದೊಡ್ಡ ಪ್ರಶ್ನೆ ಕಣ್ಣಿಗೆ ಕಾಣುವುದೇ ಅಲ್ಲ. ಭಾರಲೋಹಗಳಿಗೆ ಬಣ್ಣವಿಲ್ಲ, ನೊರೆಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರಂಥ ವಿಜ್ಞಾನಿಗಳು ಪ್ರಶ್ನೆ ಎತ್ತಿದ್ದು, ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಹೋರಾಟಗಾರರು ಪಟ್ಟು ಹಿಡಿದದ್ದು ಇಂಥ ಕಾರಣಗಳಿಗೆ. ಮೊಬೈಲಿನ ವಾದವನ್ನು ಯೋಜನೆಯ ವಿರೋಧಿಗಳಿಗೆ ನೊರೆಯ ಚಿತ್ರ ಗೆದ್ದುಕೊಟ್ಟಿತ್ತು, ನಿಜ. ನೊರೆ ಇಳಿದ ಮೇಲೆ ಅದೇ ತರ್ಕ ತಿರುಗಿಬಿತ್ತು. ತುಂಬಿದ ಕೆರೆಯ ಚಿತ್ರವನ್ನೋ, ಬತ್ತಿದ ಬಾವಿಯಲ್ಲಿ ನೀರೆದ್ದ ಚಿತ್ರವನ್ನೋ ಹಾಕಿ, ಎಲ್ಲಿದೆ ನಿಮ್ಮ ವಿಷ ಎಂದು ಕೇಳುವುದು ಸುಲಭವಾಯಿತು. ಕಣ್ಣಿಗೆ ಕಂಡದ್ದರ ಮೇಲೆ ನಿಂತ ವಾದ ಕಣ್ಣಿಗೆ ಕಾಣದ್ದರ ಮುಂದೆ ಎರಡೂ ಕಡೆಯವರನ್ನು ಕೈಬಿಟ್ಟಿತು. ಬಾವಿಯಲ್ಲಿ ನೀರೆದ್ದ ರೈತನ ಸಂತೋಷ ಸುಳ್ಳಲ್ಲ, ಆ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಏನಿದೆ ಎಂದು ಕೇಳುವ ತಾಯಿಯ ಆತಂಕವೂ ಸುಳ್ಳಲ್ಲ. ಇಬ್ಬರಿಗೂ ಬೇಕಾದ ಉತ್ತರ ಒಂದೇ: ಯಾವ ಕೆರೆ, ಯಾವ ತಿಂಗಳು, ಯಾವ ಲೋಹ, ಎಷ್ಟು ಪ್ರಮಾಣ. ಈ ವಿವಾದದಲ್ಲಿ ಏನಾದರೂ ಮುಂದುವರಿದಿದ್ದರೆ ಅದು ಇಂಥ ಪ್ರಶ್ನೆ ಹಿಡಿದು ನ್ಯಾಯಾಲಯಕ್ಕೂ ಪ್ರಯೋಗಾಲಯಕ್ಕೂ ಹೋದವರಿಂದ. ಅವರ ವಾದದಲ್ಲೂ ಕಾವಿತ್ತು, ಕಹಿಯಿತ್ತು. ಆದರೆ ಅದಕ್ಕೊಂದು ಕೆರೆಯಿತ್ತು.

ಶ್ರೀನಿವಾಸಪುರದ ಮಾವು ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. 2022ರ ಏಪ್ರಿಲ್‌ನಲ್ಲಿ ಮುಸ್ಲಿಂ ವ್ಯಾಪಾರಿಗಳಿಂದ ಹಣ್ಣು ಕೊಳ್ಳಬೇಡಿ ಎಂಬ ಕರೆ ರಾಜ್ಯದಾದ್ಯಂತ ಹರಿದಾಡಿತು. ಮಾವಿನ ವ್ಯಾಪಾರ ಹೇಗೆ ನಡೆಯುತ್ತದೆಂದು ಗೊತ್ತಿದ್ದವರು ಆ ಕರೆ ಕೊಡುವುದು ಕಷ್ಟ. ಮರ ಹೂ ಬಿಟ್ಟಾಗಲೇ ವ್ಯಾಪಾರಿ ಬಂದು ತೋಟ ನೋಡಿ, ಫಸಲು ಗುತ್ತಿಗೆ ಮಾತಾಡಿ, ಮುಂಗಡ ಕೊಟ್ಟು ಹೋಗುತ್ತಾನೆ. ಆ ಮುಂಗಡದಲ್ಲಿ ರೈತನ ಮನೆಯ ಮದುವೆ, ಮಕ್ಕಳ ಫೀಸು, ಹಳೇ ಸಾಲದ ಬಡ್ಡಿ ತೀರುತ್ತದೆ. ಕಾವಲು, ಕೊಯ್ಲು, ವಿಂಗಡಣೆ, ಕ್ರೇಟು ತುಂಬುವುದು, ಲಾರಿಗೆ ಹಾಕುವುದು, ಮಂಡಿಯಲ್ಲಿ ಹರಾಜು ಕೂಗುವುದು ಎಲ್ಲ ಸೇರಿ ನಾಲ್ಕಾರು ಜಾತಿ, ಎರಡು ಧರ್ಮದ ಕೈಗಳನ್ನು ದಾಟಿ ಹಣ್ಣು ಹೊರಗೆ ಹೋಗುತ್ತದೆ. ಈ ಕೆಲಸಗಳಲ್ಲಿ ಮುಸ್ಲಿಂ ಕುಟುಂಬಗಳು ತಲೆಮಾರುಗಳಿಂದ ಇವೆ. ಹಣ್ಣಾಗಿ ಕೂತ ಬಾದಾಮಿ ಮಾವನ್ನು ಸಿದ್ಧಾಂತಕ್ಕಾಗಿ ನಾಲ್ಕು ದಿನ ಕಾಯಿಸಲು ಯಾರಿಂದಲೂ ಆಗದು. ಆ ಕರೆಯ ಬೆಲೆ ತೆರಬೇಕಾದವರಲ್ಲಿ ಹಿಂದೂ ರೈತನೂ ಇದ್ದ. ಕರೆ ಕೊಟ್ಟವರ ತೋಟ ಅಲ್ಲಿರಲಿಲ್ಲ.

ಮರುವರ್ಷ, 2023ರ ಆಗಸ್ಟ್‌ನಲ್ಲಿ, ಅದೇ ತಾಲ್ಲೂಕಿನಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವಿಗೆ ಇಳಿಯಿತು. ಫಲ ಕೊಡುತ್ತಿದ್ದ ಮಾವಿನ ಮರಗಳು ಜೆಸಿಬಿಗೆ ಸಿಕ್ಕು ಉರುಳಿದವು. ಒಂದು ಕಡೆ ರೈತರ ಕಣ್ಣೀರು, ಇನ್ನೊಂದು ಕಡೆ ಕಾಡು ನುಂಗಿದ ಭೂಗಳ್ಳರು ಎಂಬ ಎರಡೇ ಚಿತ್ರ ಎದುರುಬದುರು ನಿಂತವು. ನೆಲದ ಮೇಲಿನ ಸತ್ಯ ಸರ್ವೆ ನಂಬರಿಗೊಂದು. ಒಂದರಲ್ಲಿ ಸಾಗುವಳಿ ಚೀಟಿ ಇರುವ ಬಡವ, ಪಕ್ಕದ್ದರಲ್ಲಿ ಪ್ರಭಾವದಿಂದ ಬೇಲಿ ಸರಿಸಿದವ, ಮತ್ತೊಂದರಲ್ಲಿ ಕಂದಾಯ ಇಲಾಖೆಯ ದಾಖಲೆ ಒಂದು ಹೇಳಿದರೆ ಅರಣ್ಯದ ಹಳೇ ಅಧಿಸೂಚನೆ ಇನ್ನೊಂದು ಹೇಳುವ ಜಾಗ. ಇವರೆಲ್ಲರನ್ನೂ ಒಂದೇ ಹೆಸರಿನಿಂದ ಕರೆದ ಕ್ಷಣ ಅನ್ಯಾಯ ಶುರುವಾಗುತ್ತದೆ, ಆ ಹೆಸರು ರೈತ ಎಂದಾದರೂ ಸರಿ, ಒತ್ತುವರಿದಾರ ಎಂದಾದರೂ ಸರಿ. ಇದನ್ನು ಬಿಡಿಸಬಲ್ಲದ್ದು ಎರಡೂ ಇಲಾಖೆಯವರು ಸರಪಳಿ ಹಿಡಿದು ಒಟ್ಟಿಗೆ ಮಾಡುವ ಜಂಟಿ ಸರ್ವೆ. ಅದರ ವಿಡಿಯೊ ಯಾರೂ ಹಂಚುವುದಿಲ್ಲ.

ಇನ್ನು 2025. ಜೂನ್ ಮೊದಲ ವಾರ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವು ಒಳಗೆ ಬರಬಾರದೆಂದು ತಡೆಯಿತು. ಈ ಭಾಗದ ತೋತಾಪುರಿ ಬಹುತೇಕ ಹೋಗುವುದೇ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ. ಬೆಲೆ ನೆಲ ಕಚ್ಚಿತು. ಶ್ರೀನಿವಾಸಪುರ ಬಂದ್ ಆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲಿಗೆ 1,616 ರೂಪಾಯಿ ದರ ಒಪ್ಪಿತು. ಮಾವು ಬೆಳೆಗಾರನನ್ನು ನಿಜಕ್ಕೂ ಮಂಡಿಯೂರಿಸಿದ್ದು ಈ ಬೆಲೆಕುಸಿತ. ಆದರೆ ಇದರಲ್ಲಿ ದ್ವೇಷಿಸಲು ಹೇಳಿಮಾಡಿಸಿದ ಎದುರಾಳಿ ಇರಲಿಲ್ಲ. ಆ ಕಡೆಯಲ್ಲೂ ತೋತಾಪುರಿ ಬೆಳೆದು ಬೆಲೆ ಸಿಗದೆ ಒದ್ದಾಡುವ ರೈತರೇ ಇದ್ದರು. ಕ್ಲಾಕ್ ಟವರ್ ಬಗ್ಗೆ ಕೋಲಾರದ ಪರ ನಿಂತೆವೆಂದವರು ತೋತಾಪುರಿಯ ಹೊತ್ತಿನಲ್ಲಿ ಎಲ್ಲಿದ್ದರು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಎರಡೂ ಕಡೆಯವರಿಗೂ ಈ ಪ್ರಶ್ನೆ ಸಲ್ಲುತ್ತದೆ.

ಹೀಗಾಗುವುದು ಆಕಸ್ಮಿಕವಲ್ಲ. ಫೇಸ್‌ಬುಕ್ ಕಂಪನಿ 2017ರಲ್ಲಿ ಕೋಪದ ಮುಖದ ಗುರುತು ಸೇರಿದಂತೆ ಭಾವನೆಯ ಗುರುತುಗಳಿಗೆ ಒಂದು ಲೈಕಿಗಿಂತ ಐದು ಪಟ್ಟು ತೂಕ ಕೊಟ್ಟು, ಯಾವ ಪೋಸ್ಟು ಹೆಚ್ಚು ಜನರಿಗೆ ಕಾಣಬೇಕೆಂದು ನಿರ್ಧರಿಸುತ್ತಿತ್ತು ಎಂಬುದು 2021ರಲ್ಲಿ ಹೊರಬಂದ ಅದರ ಒಳದಾಖಲೆಗಳಿಂದ ತಿಳಿಯಿತು. ಕೋಪಕ್ಕೆ ಕೊಟ್ಟಿದ್ದ ತೂಕವನ್ನು ಕಂಪನಿಯೇ 2020ರಲ್ಲಿ ಸೊನ್ನೆಗೆ ಇಳಿಸಿತ್ತು. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ನಿಜಕ್ಕಿಂತ ಸುಳ್ಳು ಮರುಹಂಚಿಕೆಯಾಗುವ ಸಂಭವ ಶೇ 70ರಷ್ಟು ಹೆಚ್ಚು ಎಂದಿತು ಅದು. ಅದೇ ವರ್ಷ ಮಕ್ಕಳ ಕಳ್ಳರ ವದಂತಿ ನಂಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಅಮಾಯಕರನ್ನು ಜನ ಹೊಡೆದು ಕೊಂದರು. ಊರಿನ ಗುರುತೇ ಇಲ್ಲದ ವಿಡಿಯೊ ಯಾವ ಊರಿಗೂ ಹೊಂದುತ್ತದೆ. ಅದೇ ಅದರ ಅಪಾಯ.

ಇಷ್ಟು ಹೇಳಿದಾಗ ಗಟ್ಟಿಯಾದ ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು. ಊರು ಊರು ಎನ್ನುತ್ತೀರಲ್ಲ, ಊರೇ ಅನ್ಯಾಯ ಮಾಡಿದಾಗ? ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಆದದ್ದು ಅದು. ಉತ್ಸವದ ವೇಳೆ ಸಿಡಿರಣ್ಣ ದೇವರಿಗೆ ಸಂಬಂಧಿಸಿದ ಗೂಟವನ್ನು ದಲಿತ ಹುಡುಗನೊಬ್ಬ ಮುಟ್ಟಿದನೆಂದು ಆ ಬಡ ಕುಟುಂಬಕ್ಕೆ ಊರಿನ ಪ್ರಮುಖರು 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರು ಬಿಡಬೇಕೆಂದರು. ಅಲ್ಲಿ ಎದುರುಬದುರು ಕೂತು ಮಾತಾಡುವ ಪಂಚಾಯಿತಿಯೇ ದಂಡ ಹಾಕುವ ಜಾಗವಾಗಿತ್ತು. ಸುದ್ದಿ ಹೊರಬಿದ್ದು, ಮೊಬೈಲುಗಳಲ್ಲಿ ಹರಡಿ, ರಾಜ್ಯದ ಆಚೆಗೂ ಹೋದ ಮೇಲೆ ಅಧಿಕಾರಿಗಳು ಓಡಿಬಂದರು, ಪ್ರಕರಣ ದಾಖಲಾಯಿತು. ಅರಳಿಕಟ್ಟೆಯ ಸೌಹಾರ್ದವನ್ನು ಕೊಂಡಾಡುವವರು ಆ ಕಟ್ಟೆ ಹತ್ತಲು ಯಾರಿಗೆ ಅವಕಾಶವಿತ್ತು ಎಂದು ಮೊದಲು ಹೇಳಬೇಕು. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟಾಗ ಅಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ, ಫೇಸ್‌ಬುಕ್ ಹುಟ್ಟಿರಲೇ ಇಲ್ಲ. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹೊರಗಿನ ಕಣ್ಣು ಸದಾ ಆ ಸಾಕ್ಷಿಗಳ ಮೇಲಿದ್ದಿದ್ದರೆ ಅವರು ಅಷ್ಟು ಒಂಟಿಯಾಗುತ್ತಿರಲಿಲ್ಲವೇನೋ.

ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಉಳ್ಳೇರಹಳ್ಳಿಯಲ್ಲಿ ಕೆಲಸ ಮಾಡಿದ್ದು ಯಾವುದು ಎಂದು ನೋಡಬೇಕು. ಊರಿನ ಹೆಸರು, ದಂಡದ ಮೊತ್ತ, ಗಡುವು ಇಷ್ಟು ಸ್ಪಷ್ಟವಾಗಿದ್ದವು. ಅಸ್ಪೃಶ್ಯತೆಯನ್ನು ಅಪರಾಧವೆನ್ನುವ 1955ರ ಕಾನೂನು, 1989ರ ದೌರ್ಜನ್ಯ ತಡೆ ಕಾಯ್ದೆ ಅಧಿಕಾರಿಗಳ ಮುಂದಿದ್ದವು. ಅಂದರೆ ಹೊರಗಿನವರ ಕೂಗು ವಿಷಯವನ್ನು ಊರಿನಿಂದ ಕಿತ್ತುಕೊಂಡು ಹೋಗಲಿಲ್ಲ. ಊರಿಗೆ ಕಾನೂನನ್ನು ಕರೆತಂದಿತು. ಊರು ಬೇಕು ಎಂದಾಗ ಊರಿನ ಹಿರಿಯರ ಮಾತೇ ಕೊನೆಯಾಗಬೇಕು ಎಂದಲ್ಲ, ಹೊಣೆಗಾರಿಕೆಗೆ ಒಂದು ವಿಳಾಸ ಬೇಕು ಎಂದು. ಅದೇ ಸುದ್ದಿ ಒಂದೆರಡು ದಿನ ದಾಟಿದ ಮೇಲೆ ಯಾವ ಸರ್ಕಾರದಲ್ಲಿ ಹೆಚ್ಚು ದೌರ್ಜನ್ಯ ನಡೆಯಿತು ಎಂಬ ಪಟ್ಟಿಯುದ್ಧಕ್ಕೆ ಸರಕಾಗುತ್ತದೆ. ಆ ಹುಡುಗ ಮುಂದೆ ಯಾವ ಶಾಲೆಗೆ ಹೋದ, ಅವನ ತಾಯಿ ಕೂಲಿಗೆ ಎಲ್ಲಿಗೆ ಹೋಗುತ್ತಾಳೆ, ಪ್ರಕರಣ ಯಾವ ಹಂತದಲ್ಲಿದೆ ಎಂದು ಕೇಳುವವರು ಆ ಪಟ್ಟಿಯುದ್ಧದಲ್ಲಿ ಇರುವುದಿಲ್ಲ. ದಲಿತರು ಮೆತ್ತಗೆ ಮಾತಾಡಬೇಕು ಎಂದು ಯಾರಾದರೂ ನನ್ನ ವಾದದಿಂದ ತೀರ್ಮಾನಿಸಿದರೆ ಅದು ತಪ್ಪು. ನ್ಯಾಯವಾದ ಕೋಪಕ್ಕೆ ದನಿ ತಗ್ಗಿಸು ಎನ್ನುವುದು ಅನ್ಯಾಯದ ಹಳೆಯ ಉಪಾಯ.

ಜಾಲತಾಣ ದ್ವೇಷವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ ಎಂಬ ಮಾತೂ ಇದೆ. ಅದಕ್ಕೆ ಆಧಾರವಿದೆ. ಡೆನ್ಮಾರ್ಕಿನ ವಿಶ್ವವಿದ್ಯಾಲಯವೊಂದರಲ್ಲಿದ್ದ ಬೋರ್ ಮತ್ತು ಪೀಟರ್ಸನ್ ಎಂಬ ಸಂಶೋಧಕರು, ರಾಜಕೀಯ ಮಾತಿನಲ್ಲಿ ಆನ್‌ಲೈನ್‌ನಲ್ಲಿ ಹರಿಹಾಯುವವರು ಎದುರಿಗೂ ಹಾಗೇ ಇರುತ್ತಾರೆ, ಆನ್‌ಲೈನ್‌ನಲ್ಲಿ ಅವರು ಹೆಚ್ಚು ಜನರ ಕಣ್ಣಿಗೆ ಬೀಳುತ್ತಾರೆ ಅಷ್ಟೆ ಎಂದು ತೋರಿಸಿದರು. ನನಗೆ ಇದು ಎದುರು ವಾದವಾಗಿ ಕಾಣುವುದಿಲ್ಲ. ಊರಿನಲ್ಲಿ ಅಂಥವರು ಇಬ್ಬರೋ ಮೂವರೋ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಅವರ ಮಾತಿಗೆ ಎಷ್ಟು ಬೆಲೆಯೆಂದೂ ಗೊತ್ತಿರುತ್ತದೆ. ಮೊಬೈಲಿನಲ್ಲಿ ಅವರೇ ಸಮುದಾಯದ ಮುಖವಾಗಿಬಿಡುತ್ತಾರೆ. ಆದರೆ ಯಾವ ಊರೂ ಒಂದೇ ಮುಖದ್ದಲ್ಲ. ಮಾಲೂರಿನಲ್ಲಿ 2023ರ ವಿಧಾನಸಭಾ ಚುನಾವಣೆ ಬರೀ 248 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಅಂದರೆ ಒಂದೇ ಕ್ಷೇತ್ರದಲ್ಲಿ ಎರಡೂ ಕಡೆಯವರು ಹೆಚ್ಚುಕಡಿಮೆ ಸಮಸಮ ಇದ್ದಾರೆ. ಎಣಿಕೆಯ ಮೇಲೆ ಎದ್ದ ಜಗಳ ಹೈಕೋರ್ಟಿಗೆ ಹೋಗಿ 2025ರಲ್ಲಿ ಮರುಎಣಿಕೆಯ ಆದೇಶವಾಯಿತು, ಸುಪ್ರೀಂ ಕೋರ್ಟನ್ನೂ ತಲುಪಿತು. ತೀವ್ರ ಜಗಳ, ಆದರೆ ಮತ ಎಣಿಸಿದರೆ ಮುಗಿಯುವ ಜಗಳ.

ಹಾಗಾದರೆ ಎದುರಾಳಿಯ ಮಾತನ್ನು ಹೆಚ್ಚು ಕೇಳಿಸಿಕೊಂಡರೆ ಸರಿಹೋಗುತ್ತದೆಯೇ? ಅದೂ ಅಷ್ಟು ಸರಳವಲ್ಲ. ಅಮೆರಿಕದ ಟ್ವಿಟರ್ ಬಳಕೆದಾರರಿಗೆ ಒಂದು ತಿಂಗಳು ಎದುರು ಪಕ್ಷದ ಸಂದೇಶಗಳನ್ನು ತೋರಿಸಿ ನೋಡಿದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಿಪಬ್ಲಿಕನ್ನರು ಮೆತ್ತಗಾಗುವ ಬದಲು ತಮ್ಮ ನಿಲುವಿನಲ್ಲಿ ಇನ್ನಷ್ಟು ಗಟ್ಟಿಯಾದರು. ಘೋಷಣೆಗೆ ಎದುರು ಘೋಷಣೆ ಕೇಳಿಸಿದರೆ ಆಗುವುದೇ ಅಷ್ಟು. ಕಾನೂನಿನಿಂದ ಬಾಯಿ ಕಟ್ಟಿಸುವುದೋ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನಿನಡಿ ಪೋಸ್ಟಿಗೊಂದು ಬಂಧನ ನಡೆದು, 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಬೇಕಾಯಿತು. ಕರ್ನಾಟಕದ ವಿಧಾನಮಂಡಲ 2025ರ ಡಿಸೆಂಬರ್‌ನಲ್ಲಿ ದ್ವೇಷ ಭಾಷಣ ತಡೆ ಮಸೂದೆಯನ್ನು ಅಂಗೀಕರಿಸಿತು. ಕೊಲ್ಲಿ, ಹೊಡೆಯಿರಿ, ಓಡಿಸಿ ಎನ್ನುವವರನ್ನು ಕಾನೂನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಠಾಣೆಗೆ ದೂರು ಕೊಡುವ ಶಕ್ತಿ ಉಳ್ಳೇರಹಳ್ಳಿಯ ಆ ಕುಟುಂಬಕ್ಕಿಂತ ದಂಡ ಹಾಕಿದವರಿಗೇ ಹೆಚ್ಚಿರುತ್ತದೆ ಎಂಬುದನ್ನು ಮರೆತು ಮಾತಿನ ಮೇಲೆ ಕಾನೂನು ಮಾಡಿದರೆ ಅದು ಮೊದಲು ಬೀಳುವುದು ದನಿಯಿಲ್ಲದವರ ಮೇಲೆಯೇ.

ಬೇರೆ ದಾರಿಯ ಸುಳಿವು ಇದೇ ಜಿಲ್ಲೆಯವರೊಬ್ಬರಲ್ಲಿದೆ. ಮುಳಬಾಗಿಲಿನಲ್ಲಿ ಹುಟ್ಟಿದ ಲೇಖಕ ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಪತ್ರಿಕೆ ನಡೆಸಿ, ಶಾಸನಸಭೆಯಲ್ಲಿ ಕೂತು ಬಂದಿದ್ದವರು ಅವರು. ಸಾರ್ವಜನಿಕ ವಿಷಯದಲ್ಲಿ ಅಭಿಪ್ರಾಯ ಕೊಡುವವರು ಮೊದಲು ಆ ವಿಷಯದ ಕಾಗದಪತ್ರ ಓದಿರಬೇಕು ಎಂಬ ನಂಬಿಕೆ ಆ ಕೆಲಸದ ಹಿಂದಿದೆ. ಅಂದು ಕಾಗದಪತ್ರ ಸಿಗುವುದೇ ಕಷ್ಟವಾಗಿತ್ತು. ಇಂದು ಮಾಹಿತಿ ಹಕ್ಕಿನ ಕಾನೂನಿದೆ, ಪಹಣಿ ಮೊಬೈಲಿನಲ್ಲೇ ಸಿಗುತ್ತದೆ, ಗ್ರಾಮಸಭೆ ನಡೆಸುವುದು ಕಡ್ಡಾಯವಾಗಿದೆ. ಹಾಗಾಗಿ ಕೆ.ಸಿ. ವ್ಯಾಲಿ ನೀರು ಹರಿಯುವ ಪ್ರತಿ ಕೆರೆಯ ನೀರಿನ, ಆ ಕೆರೆಯ ಸುತ್ತಲಿನ ಕೊಳವೆಬಾವಿಯ ಪರೀಕ್ಷಾ ವರದಿಯನ್ನು, ಲೋಹಗಳ ಪ್ರಮಾಣ ಸಮೇತ, ಸಣ್ಣ ನೀರಾವರಿ ಇಲಾಖೆ ಪ್ರತಿ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು, ಆ ಊರಿನ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಕು. ಮುಂದಿನ ಮೂರು ತಿಂಗಳ ವರದಿಯನ್ನು ಅದರ ಪಕ್ಕದಲ್ಲೇ ಇಡಬೇಕು. ಸಂಖ್ಯೆ ಏರಿದ್ದರೆ ಮೂರನೇ ಹಂತದ ಶುದ್ಧೀಕರಣ ಕೇಳುತ್ತಿರುವವರು ಅದೇ ಹಾಳೆ ಹಿಡಿದು ಗ್ರಾಮಸಭೆಯಲ್ಲಿ ಎದ್ದು ನಿಲ್ಲಲಿ. ಇಳಿದಿದ್ದರೆ ಯೋಜನೆಯ ಪರ ಇರುವವರು ಅದೇ ಹಾಳೆಯನ್ನು ಓದಿ ಹೇಳಲಿ. ಶ್ರೀನಿವಾಸಪುರದ ಜಂಟಿ ಸರ್ವೆಯ ನಕ್ಷೆಯೂ ಇದೇ ರೀತಿ, ಸರ್ವೆ ನಂಬರಿನ ಪ್ರಕಾರ, ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಇರಲಿ.